ಪರದೆ ಹಸಿರಾಗಿತ್ತು

ಬನಹಟ್ಟಿಯ ಆ ಮಗ್ಗದ ಶೆಡ್ಡಿನ ಮಾಲೀಕರೇ, ನೀವು ಒಬ್ಬ ನಿರಪರಾಧಿಯನ್ನು ಎಲ್ಲರೆದುರು ಅಪರಾಧಿಯೆಂದು ಸಾರಿ ಹೊರಗೆ ಹಾಕಿದಿರಿ. ಅವನು ಹೇಳಿದ್ದು ನಿಜವೋ ಸುಳ್ಳೋ ಎಂದು ವಿಚಾರಿಸಲು ಒಂದು ಗಳಿಗೆ ನಿಲ್ಲಲಿಲ್ಲ. ಅದಕ್ಕೆ ನಿಮಗೆ ಸಾಕ್ಷಿಯಾಗಿ ಒದಗಿದವಳು ನಾನು, ನಿಮ್ಮ ಸಾಫ್ಟ್‌ವೇರ್ ಕಟ್ಟಿದವಳು. ನನ್ನ ಸಾಕ್ಷಿ ಸುಳ್ಳು. ಬೀರಪ್ಪ ಸ್ವಿಚ್ಚು ಹಾಕಿದಾಗ ಪರದೆ ಹಸಿರಾಗಿತ್ತು. ಹಸಿರು ಮಾಡಿಟ್ಟವಳು ನಾನು. ಅವನ ಹೆಂಡತಿಯ ಕೈ ಮಗ್ಗ ತಿರುಗಿಸುವ ಪಟ್ಟಾಕ್ಕೆ ಸಿಕ್ಕ ಮೇಲೆ ಅದನ್ನು ಕೆಂಪು ಮಾಡಿದವಳೂ ನಾನೇ.

ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತೆಂಬುದನ್ನು ನನಗೇ ನಂಬಲಾಗುತ್ತಿಲ್ಲ. ಈ ನಡುವೆ ಎಷ್ಟು ಬರೆದಿದ್ದೇನೆ — ಯಾರ್ಯಾರನ್ನು ಉತ್ತರ ಕೊಡಿ ಎಂದು ನಿಲ್ಲಿಸಿ ಕೇಳಿದ್ದೇನೆ — ಯಾವ ಯಾವ ವೇದಿಕೆಯ ಮೇಲೆ ದನಿ ಏರಿಸಿದ್ದೇನೆ! ಈ ಒಂದು ವಾಕ್ಯ ಮಾತ್ರ ಬರೆಯಲಾಗದೆ ಉಳಿದಿತ್ತು.

ನಡೆದದ್ದನ್ನು ಅರಿಯದ ಓದುಗರಿಗೆ ಮೊದಲಿನಿಂದ ಹೇಳಬೇಕು.

ನಾನು ರಬಕವಿಯವಳು. ರಬಕವಿ, ಬನಹಟ್ಟಿ ಎಂಬ ನಮ್ಮ ಅವಳಿ ಊರುಗಳಲ್ಲಿ ಹುಟ್ಟಿದವರಿಗೆ ಮಗ್ಗದ ಸಪ್ಪಳ ಕೇಳಿಸುವುದಿಲ್ಲ. ಅದು ನಿಂತಾಗ ಮಾತ್ರ ಕಿವಿ ನಿಮಿರುತ್ತದೆ. ಸಪ್ಪಳವಿದ್ದರೆ ಕೆಲಸ ನಡೆದಿದೆ, ಸಪ್ಪಳವಿಲ್ಲದಿದ್ದರೆ ನಿಂತಿದೆ. ವಿಶ್ವವಿದ್ಯಾಲಯದ ಓದು ಮುಗಿಸಿ ಊರಿಗೆ ಮರಳಿದ ನನಗೆ ಬನಹಟ್ಟಿಯ ಶೆಡ್ಡೊಂದರಲ್ಲಿ ಕೆಲಸ ಸಿಕ್ಕಿತು. ಯಾವ ಸಾಲಿನ ಮಗ್ಗಗಳು ನಡೆದಿವೆ, ಯಾವುದು ನಿಂತಿದೆ, ಯಾಕೆ ನಿಂತಿದೆ, ಎಷ್ಟು ಬಟ್ಟೆ ಇಳಿಯಿತು — ಇದನ್ನೆಲ್ಲ ಮಾಲೀಕರು ಕೂತಲ್ಲೇ ನೋಡುವಂಥ ಸಾಫ್ಟ್‌ವೇರ್ ಕಟ್ಟಬೇಕಿತ್ತು. ಕಟ್ಟುವವಳು ನಾನೊಬ್ಬಳೇ. ಕಂಪ್ಯೂಟರಿನ ಮುಂದೆ ಬಾಯಿ ಮುಚ್ಚಿಕೊಂಡು ಕೂತವಳನ್ನು ಕಂಡು ಆ ಶೆಡ್ಡಿಗೆ ಶೆಡ್ಡೇ, ಪಾಪ, ಈಕೆಗೆ ಕೆಲಸವಿಲ್ಲ ಎಂದುಕೊಂಡಿತು.

"ಮೇಡಂರೀ, ಹೆಂಗೂ ಸುಮ್ನ ಕುಂತೀರಿ, ನಮ್ಮ ಹುಡುಗಂದೊಂದು ಕಾಲೇಜ್ ಅರ್ಜಿ ತುಂಬಿ ಕೊಡ್ರಿ."

"ಸುನಂದಾ ಮೇಡಂ, ಸಾವಕಾರ್ರ ಮೊಬೈಲ್ ಯಾಕೋ ಮೈಮ್ಯಾಲ ಬಂದಂಗ ಮಾಡಾಕತ್ತೈತಿ, ಒಂಚೂರು ನೋಡ್ರಿ."

"ಮದವಿ ಕಾರ್ಡಿನ್ಯಾಗ ನಮ್ಮ ಮಾವಾರ ಹೆಸರ ಸಣ್ಣದಾಗೇತಂತ ಸಿಟ್ಟಾಗ್ಯಾರ್ರಿ. ದೊಡ್ಡದ ಮಾಡಿ ಕೊಡ್ರಿ, ಇಲ್ಲಂದ್ರ ಅವರು ಮದವಿಗೇ ಬರಂಗಿಲ್ಲಂತ."

ಆ ಶೆಡ್ಡಿನ ಮಿಸ್ತ್ರಿ ಬೀರಪ್ಪ. ಸಾಲುಗಳ ಮೋಟಾರು ಹಾಕುವುದು, ಆರಿಸುವುದು, ಕೆಟ್ಟದ್ದನ್ನು ಸರಿಮಾಡುವುದು ಅವನ ಕೆಲಸ. ಮೂಲದಲ್ಲಿ ಬೀಳಗಿ ಕಡೆಯ ಅನಗವಾಡಿಯವನು. ಅಣ್ಣತಮ್ಮಂದಿರು ಅಲ್ಲಿ ಕುರಿ ಕಾಯುತ್ತಿದ್ದರು, ಇವನು ಕಬ್ಬಿಣದ ಮೋಹಕ್ಕೆ ಬಿದ್ದು ಬನಹಟ್ಟಿಗೆ ಬಂದವನು. ನನ್ನ ಗೋಳಾಟ ನೋಡಿ ಒಮ್ಮೆ ಬಾಗಿಲಲ್ಲಿ ನಿಂತು ಹೇಳಿದ್ದ: "ನಿಮ್ಮ ಮಗ್ಗ ಸಪ್ಪಳಾನ ಮಾಡಂಗಿಲ್ಲಲ್ರಿ ಮೇಡಮ್ಮಾರ. ನಡದೈತೋ ನಿಂತೈತೋ ಮಂದಿಗೆ ಹೆಂಗ್ ತಿಳೀಬೇಕು?"

ನಾನು ನಕ್ಕೆ. ಮರುದಿನವೇ ಮಾಲೀಕರ ಮುಂದೆ ಹೋಗಿ ಜಗಳವಾಡಿ ನನ್ನ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿಕೊಂಡೆ. ಎಲ್ಲರಿಗೂ ಕೇಳುವಂತೆ ಬೀರಪ್ಪನಿಗೆ ಹೇಳಿದೆ: "ಬಾಗಿಲು ಹಾಕಿದ್ದರೆ ನನ್ನ ಮಗ್ಗ ನಡೆದಿದೆ ಎಂದು ತಿಳಿಯಿರಿ."

ಅವನು ಹಾಗೆಯೇ ತಿಳಿದ. ಆ ನಂಬಿಕೆಯಿಂದಲೇ ಮುಂದೊಂದು ದಿನ ಆ ಬಾಗಿಲು ಬಡಿದ.

ಇನ್ನು ಚಿಂದಿಯ ವಿಷಯ ಹೇಳಬೇಕು. ಅದು ಹಳೆಯ ಶೆಡ್ಡು. ಒಂದು ಸಾಲಿನ ಮಗ್ಗಗಳೆಲ್ಲ ಒಂದೇ ಮೋಟಾರಿನಿಂದ ತಿರುಗುತ್ತಿದ್ದವು. ಮೇಲೆ ಉದ್ದಕ್ಕೆ ಒಂದು ಕಬ್ಬಿಣದ ದಂಡ, ಅದರಿಂದ ಒಂದೊಂದು ಮಗ್ಗಕ್ಕೂ ಇಳಿಬಿದ್ದ ಪಟ್ಟಾ. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಗಳ ಸುರುಳಿ, ಏರಿಸಿದಾಗ ಅದರ ಎಳೆಗಳನ್ನು ಹಳೆಯ ಹಾಸಿನ ತುದಿಗಳಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಅದು ಹೆಂಗಸರ ಕೆಲಸ. ಮಗ್ಗದ ಹಿಂದೆ ಕೂತವಳು ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳ ಕೈ ಮಾತ್ರ ಪಟ್ಟಾದ ಮಗ್ಗುಲಲ್ಲೇ ಆಡುತ್ತಿರುತ್ತದೆ. ಸ್ವಿಚ್ಚುಗಳಿರುವುದು ಹೊರಗೆ, ಪಡಸಾಲೆಯಲ್ಲಿ.

ಆದ್ದರಿಂದ ಅಲ್ಲೊಂದು ರೂಢಿ ಬೆಳೆದಿತ್ತು. ಎಳೆ ಕೂಡಿಸಲು ಒಳಗೆ ಹೋಗುವವಳು ತನ್ನ ಹಳೆಯ ಸೀರೆಯಿಂದ ಹರಿದ ಚಿಂದಿಯೊಂದನ್ನು ಆ ಸಾಲಿನ ಸ್ವಿಚ್ಚಿನ ಹಿಡಿಕೆಗೆ ಕಟ್ಟಿ ಹೋಗುತ್ತಿದ್ದಳು. ಕಟ್ಟಿದವಳೇ ಬಿಚ್ಚಬೇಕು, ಮಾಲೀಕರು ಬಂದರೂ ಮುಟ್ಟುವಂತಿಲ್ಲ. ಚಿಂದಿ ನೋಡಿದರೆ ಸಾಕು, ಒಳಗಿರುವುದು ಯಾರ ಕೈ ಎಂದು ತಿಳಿಯುತ್ತಿತ್ತು. ಬೀರಪ್ಪನ ಹೆಂಡತಿ ಗಂಗವ್ವನೂ ಅದೇ ಕೆಲಸದವಳು. ಅವಳದು ಬಿಳಿ ಗೆರೆಯ ನೀಲಿ ಚಿಂದಿ. ಅವಳು ಹೊರಬಂದು ಅದನ್ನು ಬಿಚ್ಚುವಾಗ ಬೀರಪ್ಪ ಸುಮ್ಮನಿರುತ್ತಿರಲಿಲ್ಲ.

"ಕೈ ತಗದೀಯೇನ ಬೇ? ಒಂದ್ ಬೆರಳ ಅಲ್ಲೇ ಬಿಟ್ಟು ಬಂದೀ, ಮತ್ತ ನನಗ ರೊಟ್ಟಿ ಬಡಿಯಾಕ ಹಚ್ಚೀ."

"ಸುಮ್ನಿರ್ರಿ, ಮಂದಿ ನಗ್ತಾರ," ಎಂದು ಆಕೆ ಚಿಂದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಚಿಂದಿಗಳನ್ನು ತೆಗೆಸಿದವಳು ನಾನು. ನನ್ನ ಪರದೆಯ ಮೇಲೆ ಸಾಲುಗಳು ನಿಂತ ಹೊತ್ತು ಉದ್ದುದ್ದವಾಗಿ ಕಾಣತೊಡಗಿದಾಗ ಮಾಲೀಕರು ಕಾರಣ ಕೇಳಿದರು. ಕೆಲಸ ಮುಗಿದ ಮೇಲೂ ಹೆಂಗಸರು ನೀರು ಕುಡಿದು, ಎಲೆಯಡಿಕೆ ಹಾಕಿಕೊಂಡು, ಆಮೇಲೆ ಬಂದು ಚಿಂದಿ ಬಿಚ್ಚುತ್ತಾರೆ, ಅಷ್ಟು ಹೊತ್ತು ಸಾಲು ನಿಂತೇ ಇರುತ್ತದೆ ಎಂದು ನಾನು ವಿವರಿಸಿದೆ. ಚಿಂದಿಯ ಬದಲು ಪಡಸಾಲೆಯ ಪರದೆಯಲ್ಲೇ ಸೂಚನೆ ಬರಲಿ ಎಂದೆ: ಒಳಗೆ ಹೋಗುವಾಗ ಬೆರಳಿಟ್ಟರೆ ಸಾಲು ಕೆಂಪಾಗುತ್ತದೆ, ಹೊರಬಂದು ಮತ್ತೆ ಬೆರಳಿಟ್ಟರೆ ಹಸಿರು. ಮಾಲೀಕರೇ, ನೀವು ಮೇಜು ಗುದ್ದಿ ಹೇಳಿದ್ದು ನೆನಪಿದೆ: "ಇದು ಛಲೋ ಆತು ನೋಡ್ರಿ. ಈ ಚಿಂದಿ ಸಂತಿ ಸಾಕಾಗಿತ್ತು."

ಗಂಗವ್ವ ಮಾತ್ರ ಒಪ್ಪಲಿಲ್ಲ. "ಚಿಂದಿ ನಾ ಕಟ್ಟಿದ್ರ ನಾನ ಬಿಚ್ಚಬೇಕ್ರಿ. ಇದನ್ನ ನಡುವ ಯಾರರ ಒತ್ತಿಬಿಟ್ರ?"

"ನಿಮ್ಮ ಬೆರಳಿಲ್ಲದೆ ಅದು ಹಸಿರಾಗುವುದೇ ಇಲ್ಲ, ಗಂಗವ್ವ," ಎಂದು ಭರವಸೆ ಕೊಟ್ಟೆ. ಅದು ಅರ್ಧ ಸತ್ಯ. ನನ್ನ ಕೋಣೆಯ ಕಂಪ್ಯೂಟರಿನಿಂದ ಯಾವ ಸಾಲನ್ನಾದರೂ, ಯಾರ ಬೆರಳೂ ಇಲ್ಲದೆ, ನಾನು ಬದಲಾಯಿಸಬಹುದಿತ್ತು. ಅದನ್ನು ಅವಳಿಗೆ ಹೇಳಬೇಕೆಂದು ನನಗೆ ತೋಚಲಿಲ್ಲ. ಮಾಲೀಕರೇ, ನಿಮಗೆ ಗೊತ್ತಿತ್ತೇ? ಪರೀಕ್ಷೆಗೆಂದು ಬೇರೆಯೇ ಒಂದು ಕಂಪ್ಯೂಟರು ಬೇಕು, ನಡೆಯುತ್ತಿರುವ ವ್ಯವಸ್ಥೆಯ ಮೇಲೆ ಪ್ರಯೋಗ ಮಾಡಬಾರದು ಎಂದು ನಾನು ಕೇಳಿದ್ದೆ. "ಇರೋ ಒಂದನ್ನ ಮೊದಲ ಸರಿ ನಡಸ್ರಿ" ಎಂದು ನೀವು ನಕ್ಕು ಕಳಿಸಿದ್ದಿರಿ. ನಾನು ಹಟ ಹಿಡಿಯಲಿಲ್ಲ. ಚಿಲಕಕ್ಕೆ ಜಗಳವಾಡಿದವಳು ಇದಕ್ಕೆ ಆಡಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಸಾಲುಗಳೂ ನಿಲ್ಲುತ್ತವಲ್ಲ, ಆಗ ನಡೆಯುವ ವ್ಯವಸ್ಥೆಯ ಮೇಲೆಯೇ ಪರೀಕ್ಷೆ ಮಾಡಿಕೊಂಡರಾಯಿತು ಎಂದು ನನ್ನಷ್ಟಕ್ಕೆ ನಾನೇ ನಿಯಮ ಮಾಡಿಕೊಂಡೆ. ಆ ನಿಯಮವನ್ನು ಮುರಿದವಳೂ ನಾನೇ.

ಆ ದಿನ —

ಆ ದಿನ ಬೆಳಿಗ್ಗೆಯಿಂದ ಬಾಗಿಲು ಬಡಿತ ನಿಂತಿರಲಿಲ್ಲ. ಅರ್ಜಿ, ಪ್ರಿಂಟರು, ಮಾಲೀಕರ ಅಳಿಯನ ಟಿಕೇಟು. ಊಟದ ಹೊತ್ತೂ ಅದರಲ್ಲೇ ಹೋಯಿತು. ಮಗ್ಗಗಳು ಮತ್ತೆ ಸಪ್ಪಳ ಮಾಡತೊಡಗಿದ ಮೇಲೆ ನಾನು ಚಿಲಕ ಹಾಕಿಕೊಂಡು ಕೂತೆ. ಪರೀಕ್ಷೆಗಾಗಿ ಎಲ್ಲ ಸಾಲುಗಳನ್ನೂ ಹಸಿರು ಮಾಡಬೇಕಿತ್ತು. ಒಂದೇ ಕ್ಷಣದ ಕೆಲಸ, ನೋಡಿ ಮತ್ತೆ ಮೊದಲಿನಂತೆ ಇಟ್ಟುಬಿಡುತ್ತೇನೆ ಎಂದುಕೊಂಡೆ. ಹೊರಗಿನ ಯಾರಿಗೂ ತಿಳಿಸಲಿಲ್ಲ. ಕೆಂಪಾಗಿದ್ದ ನಡುವಿನ ಸಾಲೂ ಉಳಿದವುಗಳ ಜೊತೆ ಹಸಿರಾಯಿತು.

ಆಗ ಮೊಬೈಲು ಗುಂಯ್ ಎಂದಿತು.

ಇಷ್ಟು ಹೊತ್ತು ನಾನು ಬೇರೆಯವರ ತೊಂದರೆಗಳ ಬಗ್ಗೆ ಹೇಳಿದೆ. ಅರ್ಜಿಯವರು, ಮದುವೆ ಕಾರ್ಡಿನವರು, ಮಾಲೀಕರು — ಆ ಗಳಿಗೆಯಲ್ಲಿ ಅವರು ಯಾರೂ ಅಲ್ಲಿರಲಿಲ್ಲ. ಬಾಗಿಲು ಹಾಕಿತ್ತು. ಒಳಗೆ ನಾನು, ನನ್ನ ಕಂಪ್ಯೂಟರು, ನನ್ನ ಮೊಬೈಲು. ಅಂದು ಪತ್ರಿಕೆಯೊಂದರ ಪುರವಣಿಯಲ್ಲಿ ನನ್ನ ಲೇಖನ ಅಚ್ಚಾಗಿತ್ತು. ಓದಿದ ಗೆಳೆಯರು ಒಬ್ಬರ ಮೇಲೊಬ್ಬರು ಮೆಚ್ಚಿ ಬರೆಯುತ್ತಿದ್ದರು. ಲೇಖನದ ವಿಷಯವನ್ನೂ ಇಲ್ಲಿ ಬರೆಯಲೇಬೇಕು. ದುಡಿಯುವ ಕೈಗಳಿಗೆ ಈ ಸಮಾಜ ಕೊಡದೆ ಹೋದ ಗೌರವದ ಬಗ್ಗೆ ಅದು. ಎಂಥ ಬೆಂಕಿ ನಿನ್ನ ಭಾಷೆಯಲ್ಲಿ ಎಂದು ಒಬ್ಬರು ಬರೆದಿದ್ದರು. ಅದನ್ನು ಮತ್ತೆ ಮತ್ತೆ ಓದಿದೆ. ಪರೀಕ್ಷೆ ಮರೆತೇ ಹೋಯಿತು.

ಬಾಗಿಲು ಬಡಿದ ಸದ್ದು. ಬೀರಪ್ಪನ ದನಿ.

"ಮೇಡಮ್ಮಾರ, ನಡುವಿನ ಸಾಲ ಹಸರ ತೋರಸಾಕತ್ತೈತ್ರಿ. ನಮ್ಮಾಕಿ ಹೊರಗ ಬಂದಿದ್ದು ನಾ ನೋಡಿಲ್ಲ. ಖರೇನ ಚಾಲೂ ಮಾಡ್ಲೇನ್ರಿ?"

ಈ ಮಾತು ಈಗ ಅಕ್ಷರ ಅಕ್ಷರವಾಗಿ ಕಿವಿಯಲ್ಲಿದೆ. ಆಗ ಅದು ಬಾಗಿಲಾಚೆಯ ಇನ್ನೊಂದು ಕಿರಿಕಿರಿಯಾಗಿ ಕೇಳಿಸಿತ್ತು, ಅಷ್ಟೇ. ನಾನು ತಲೆ ಎತ್ತಲಿಲ್ಲ. ಪಕ್ಕದಲ್ಲೇ ಇದ್ದ ಕಂಪ್ಯೂಟರಿನ ಕಡೆಗೂ ಕಣ್ಣು ಹೊರಳಿಸಲಿಲ್ಲ. ಮೊಬೈಲು ನೋಡುತ್ತಲೇ ಹೇಳಿದೆ:

"ಪರದೆ ಏನು ಹೇಳುತ್ತದೋ ಅದನ್ನು ಮಾಡಿ, ಬೀರಪ್ಪ. ಪ್ರತಿಯೊಂದಕ್ಕೂ ನನ್ನನ್ನು ಕೇಳಬೇಡಿ."

"ಆತ್ರಿ," ಎಂದ ಅವನು.

ಕಿರುಚಾಟ ನನಗೆ ಕೇಳಿಸಲಿಲ್ಲ. ಮಗ್ಗದ ಸಪ್ಪಳದಲ್ಲಿ ಯಾವ ಕೂಗೂ ಕೇಳಿಸುವುದಿಲ್ಲ. ನನಗೆ ಕೇಳಿಸಿದ್ದು ಮೌನ. ಒಂದು ಸಾಲು ನಿಂತಿತು, ಇನ್ನೊಂದು ನಿಂತಿತು, ಆಮೇಲೆ ಇಡೀ ಶೆಡ್ಡು. ಹುಟ್ಟಿದಾಗಿನಿಂದ ಕೇಳುತ್ತಲೇ ಬಂದ ಸಪ್ಪಳ ಒಮ್ಮೆಲೇ ಇಲ್ಲವಾದಾಗ ಎದೆಯಲ್ಲಿ ಆಗುವುದೇನೆಂದು ನಮ್ಮ ಊರಿನವರಿಗೆ ಗೊತ್ತು. ನಾನು ಥಟ್ಟನೆ ಕಂಪ್ಯೂಟರಿನ ಕಡೆ ತಿರುಗಿದೆ. ಎಲ್ಲವೂ ಹಸಿರು.

ಅರ್ಥವಾಯಿತು. ಪೂರ್ತಿಯಾಗಿ, ಆ ಕ್ಷಣದಲ್ಲೇ ಅರ್ಥವಾಯಿತು. ಗೊಂದಲವಾಯಿತು, ಗಾಬರಿಯಲ್ಲಿ ಏನು ಮಾಡಿದೆನೋ ತಿಳಿಯಲಿಲ್ಲ ಎಂದು ಹೇಳಿಕೊಳ್ಳುವ ಆಸೆ ಇವತ್ತಿಗೂ ಇದೆ. ಸುಳ್ಳು. ತಿಳಿದೇ ಮಾಡಿದೆ. ನಡುವಿನ ಸಾಲನ್ನು ಮತ್ತೆ ಕೆಂಪು ಮಾಡಿದೆ. ಉಳಿದವುಗಳನ್ನು ಇದ್ದಂತೆಯೇ ಬಿಟ್ಟೆ. ಬದಲಾಯಿಸಿದ್ದು ಯಾರೆಂದು ದಾಖಲಿಸುವ ಭಾಗವನ್ನು ನಾನಿನ್ನೂ ಕಟ್ಟಿರಲಿಲ್ಲವೆಂಬುದು — ಅದೂ ಆ ಕ್ಷಣದಲ್ಲೇ ನೆನಪಾಯಿತು. ಆಮೇಲೆ ಚಿಲಕ ತೆಗೆದೆ. ಗಂಗವ್ವನ ಕೈ ನೋಡುವ ಮೊದಲು ನಾನು ನನ್ನ ಪರದೆ ನೋಡಿಕೊಂಡೆ.

ಅವಳ ಬಲಗೈ ಅವಳದೇ ಸೆರಗಿನಲ್ಲಿ ಸುತ್ತಿತ್ತು. ಆ ಬಟ್ಟೆಯ ಬಣ್ಣ ಹೇಳಲಾರೆ.

ಅವಳನ್ನು ಆಟೋದಲ್ಲಿ ಕೂರಿಸಿ ಕಳಿಸಿದರು. ಜೊತೆಗೆ ಹೋಗಲು ಓಡಿದ ಬೀರಪ್ಪನನ್ನು ಮಾಲೀಕರು ರಟ್ಟೆ ಹಿಡಿದು ಪಡಸಾಲೆಗೆ ಎಳೆದು ತಂದರು. ಶೆಡ್ಡಿನವರೆಲ್ಲ ಸುತ್ತ ನಿಂತಿದ್ದರು.

"ಕೆಂಪ ಐತಲ್ಲೋ! ಕೆಂಪ ಐತಿ ನೋಡ! ಕಣ್ಣ ಎಲ್ಲಿಟ್ಟಿದ್ದಿ ಮಗನ?"

"ಹಸರ ಇತ್ರಿ ಸಾವಕಾರ್ರ. ನಮ್ಮವ್ವನ ಆಣಿ, ಹಸರ ಇತ್ತು."

"ಆಕಿ ಬೆರಳ ಇಡದ ಹಸರ ಹೆಂಗ್ ಆಗ್ತೈತಿ? ಒಳಗಿದ್ದಾಕಿ ಬಂದು ಒತ್ತಿ ಹೋದಳೇನ?"

"ನಾ ಮೇಡಮ್ಮಾರನ್ನ ಕೇಳೀನ್ರಿ. ಬಾಗ್ಲಾ ಬಡದು ಕೇಳೀನಿ. ಕೇಳ್ರಿ ಅವರನ್ನ."

ಎಲ್ಲರೂ ನನ್ನ ಕಡೆ ತಿರುಗಿದರು. ಅವನೂ ತಿರುಗಿದ. ಅವನ ಮುಖದಲ್ಲಿ ಆಗ ಒಂದು ನೆಮ್ಮದಿಯಿತ್ತು — ಇನ್ನು ತನ್ನ ಮಾತಿಗೆ ಸಾಕ್ಷಿ ಸಿಕ್ಕಿತು ಎಂಬ ನೆಮ್ಮದಿ. ನಾನು ಶುದ್ಧವಾದ ಪುಸ್ತಕದ ಕನ್ನಡದಲ್ಲಿ ಹೇಳಿದೆ:

"ನನ್ನನ್ನು ಯಾರೂ ಕೇಳಿಲ್ಲ."

ಬೀರಪ್ಪ ನನ್ನನ್ನು ಬೈಯಲಿಲ್ಲ. ಸುಳ್ಳಿ ಎನ್ನಲಿಲ್ಲ. ಪರದೆಯ ಕಡೆ ತಿರುಗಿ, ಕಣ್ಣುಜ್ಜಿ, ಮತ್ತೆ ನೋಡಿದ. ಆಮೇಲೆ ತೀರಾ ಸಣ್ಣ ದನಿಯಲ್ಲಿ, ತನಗೇ ಹೇಳಿಕೊಳ್ಳುವವನಂತೆ — "ಹಂಗಾರ ನನ್ನ ಕಣ್ಣ ಹೋಗ್ಯಾವೇನ…"

ಓದಿದವಳ ಮಾತಿನ ಮೇಲೆ ಅವನಿಗೆ ಅಷ್ಟು ನಂಬಿಕೆ. ತನ್ನ ಕಣ್ಣನ್ನಾದರೂ ಅನುಮಾನಿಸಿದ, ನನ್ನನ್ನು ಅನುಮಾನಿಸಲಿಲ್ಲ.

ಮಾಲೀಕರೇ, ನಿಮಗೆ ಸತ್ಯ ಗೊತ್ತಿತ್ತೆಂದು ನಾನು ಆರೋಪಿಸುವುದಿಲ್ಲ. ಗೊತ್ತು ಮಾಡಿಕೊಳ್ಳಲು ನಿಮಗೆ ಮನಸ್ಸಿರಲಿಲ್ಲವೆಂದು ಆರೋಪಿಸುತ್ತೇನೆ. ನನ್ನ ಕಂಪ್ಯೂಟರಿನಿಂದ ಬಣ್ಣ ಬದಲಾಯಿಸಬಹುದೇ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಬಹುಶಃ ಆಗ ನಾನು — ಇಲ್ಲ, ಆಗ ನಾನು ಏನು ಹೇಳುತ್ತಿದ್ದೆನೋ ಆಣೆ ಮಾಡಿ ಹೇಳಲಾರೆ. ಆದರೆ ನೀವು ಕೇಳಲಿಲ್ಲ. ನನ್ನ ಸಾಫ್ಟ್‌ವೇರ್ ನೋಡಲು ಜಮಖಂಡಿಯಿಂದ ಬೇರೆ ಶೆಡ್ಡಿನವರು ಬರುವವರಿದ್ದರು. ಪರದೆ ತಪ್ಪು ಮಾಡುವಂತಿರಲಿಲ್ಲ. ತಪ್ಪು ಬೀರಪ್ಪನದೇ ಆಗಬೇಕಿತ್ತು. ಅವನನ್ನು ಅಲ್ಲೇ ಕೆಲಸದಿಂದ ತೆಗೆದಿರಿ.

ನಾನು ಆಸ್ಪತ್ರೆಗೆ ಹೋದೆ, ಮೋಸಂಬಿ ಹಿಡಿದುಕೊಂಡು. ಬಲಗೈಯ ಬೆರಳುಗಳು ಉಳಿದಿರಲಿಲ್ಲ, ಹೆಬ್ಬೆರಳೊಂದನ್ನು ಬಿಟ್ಟು. ಬೀರಪ್ಪ ಹೊರಗೆ ಗೋಡೆಗೆ ಮುಖ ಮಾಡಿ ಕೂತಿದ್ದ. ಗಂಗವ್ವ ನನ್ನನ್ನು ಹತ್ತಿರ ಕರೆದು ಪಿಸುಮಾತಿನಲ್ಲಿ ಕೇಳಿದ್ದು ಇಷ್ಟು: "ಮೇಡಂರೀ, ನಂದೇನರ ಆಗ್ಲಿ. ಇವರ ಕಣ್ಣಿಗೆ ಏನಾಗೇತೋ ಯಾರಿಗರ ತೋರಸ್ರಿ. ಕೆಂಪ, ಹಸರ ತಿಳೀವಲ್ದಂದ್ರ ಮುಂದ ಹೆಂಗ್ರಿ?"

ತೋರಿಸುತ್ತೇನೆ ಎಂದೆ. ಸುಳ್ಳನ್ನು ಉಳಿಸಿಕೊಳ್ಳಲು ಇನ್ನೊಂದು ಮಾತು ಕೊಟ್ಟೆ. ಕೆಲವೇ ದಿನಗಳಲ್ಲಿ ಅವರು ಗಂಟುಮೂಟೆ ಕಟ್ಟಿ ಅನಗವಾಡಿಗೆ ಹೋದರೆಂದು ಕೇಳಿದೆ. ನಾನೂ ಆ ಶೆಡ್ಡು ಬಿಟ್ಟೆ. ಜಮಖಂಡಿಗೆ ಬಂದು, ಅಂಗಡಿಗಳಿಗೂ ಗೋದಾಮುಗಳಿಗೂ ಸಾಫ್ಟ್‌ವೇರ್ ಕಟ್ಟಿಕೊಡುತ್ತ, ಬರೆಯುತ್ತ, ಭಾಷಣ ಮಾಡುತ್ತ ಬೆಳೆದೆ. ಹೌದು, ಬೆಳೆದೆ.

ಈ ವರ್ಷ ಮುಧೋಳದಲ್ಲಿ ಕಂಪ್ಯೂಟರ್ ತರಬೇತಿಯ ವಿದ್ಯಾರ್ಥಿಗಳಿಗೆ ಮಾತಾಡಲು ಕರೆದರು. ವಿಷಯ: ವ್ಯಾಪಾರಿಗಳಿಗೆ ಸಾಫ್ಟ್‌ವೇರ್ ಕಟ್ಟುವಾಗ, ದಿನನಿತ್ಯದ ತೊಂದರೆಗಳ ನಡುವೆ ಗಮನ ಕಾಯ್ದುಕೊಳ್ಳುವುದು ಹೇಗೆ. ನಾನು ಹೋದೆ. ಕೆಲಸದ ಹೊತ್ತಿನಲ್ಲಿ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ ಎಂದೆ. ನಡೆಯುವ ವ್ಯವಸ್ಥೆಯ ಮೇಲೆ ಎಂದೂ ಪ್ರಯೋಗ ಮಾಡಬೇಡಿ, ಕೈಗೆತ್ತಿಕೊಂಡ ಬದಲಾವಣೆಯನ್ನು ಮುಗಿಸದೆ ಬೇರೆ ಕಡೆ ಕಣ್ಣು ಹಾಯಿಸಬೇಡಿ, ಬಾಗಿಲು ಹಾಕುವುದಾದರೆ ತುರ್ತಿಗೆ ಯಾರು ಹೇಗೆ ಕರೆಯಬೇಕೆಂದು ಮೊದಲೇ ಹೇಳಿಡಿ ಎಂದೆ. ಚಪ್ಪಾಳೆ ಬಿತ್ತು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಯಾರೋ ಕೇಳಿದರು. ಅನುಭವದಿಂದ, ಎಂದೆ. ಆ ಪದ ನನ್ನ ಬಾಯಿಂದ ಎಷ್ಟು ಸಲೀಸಾಗಿ ಹೊರಬಂತು!

ಸಭೆ ಮುಗಿದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದಳು. "ನಾ ಲಕ್ಷ್ಮಿರೀ. ಗಂಗವ್ವನ ಮಗಳು. ಅವ್ವ ಈಗೂ ನಿಮ್ಮ ನೆನಪ ತಗೀತಾಳ್ರಿ. ದವಾಖಾನಿಗೆ ಬಂದಾಕಿ ಮೇಡಮ್ಮ ಒಬ್ಬಾಕಿ ಅಂತಾಳ."

ಅಪ್ಪ ಹೇಗಿದ್ದಾರೆ ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಅಪ್ಪನ್ನ ಕಣ್ಣಿನ ಡಾಕ್ಟರಿಗೆ ತೋರಿಸಿದ್ವಿರಿ. ಕಣ್ಣ ಛಲೋ ಅದಾವ, ಏನೂ ಆಗಿಲ್ಲ ಅಂದ್ರು. ಮಂದಿಗೆ ಹಂಗಂದ್ರ ಸಂತೋಷ ಆಗಬೇಕಲ್ರಿ? ಅಪ್ಪ ಅವತ್ತಿಂದ ಮಾತ ಕಡಿಮಿ ಮಾಡಿದ. ಕಣ್ಣ ಛಲೋ ಅದಾವಂದ್ರ ತನ್ನದ ತಪ್ಪ ಅಂತ. ಮನ್ಯಾಗ ದೀಪದ ಸ್ವಿಚ್ ಹಾಕೂ ಮುಂದನೂ ಅವ್ವನ್ನ ಕೇಳ್ತಾನ್ರಿ — ಕೈ ತಗದೀಯೇನ, ಅಂತ. ಅವ್ವ ಅಡಗಿ ಮನ್ಯಾಗ ಇದ್ರೂ, ಹಿತ್ತಲದಾಗ ಇದ್ರೂ. ಆಕಿ 'ತಗದೇನ್ರಿ' ಅನ್ನೂತನಕ ಕತ್ತಲದಾಗ ನಿಂತಿರ್ತಾನ."

ನಾನು ಅವಳಿಗೆ ಅಲ್ಲಿಯೇ ಹೇಳಬೇಕಿತ್ತು. ಹೇಳಲಿಲ್ಲ. ಚೆನ್ನಾಗಿ ಓದು ಎಂದು ತಲೆ ಸವರಿ ಬಸ್ಸು ಹತ್ತಿದೆ. ನನ್ನ ಅಪರಾಧಗಳ ಸಾಲಿನಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಆದರೆ ಆ ಮಾತು ಬಿಡಲಿಲ್ಲ. ಕೋಣೆಯ ದೀಪ ಹಾಕಲು ಕೈ ಚಾಚಿದಾಗಲೆಲ್ಲ ಕೈ ಅಲ್ಲೇ ನಿಲ್ಲತೊಡಗಿತು. ಒಂದು ದಿನ ಅನಗವಾಡಿಗೆ ಹೋದೆ.

ಕುರಿಹಟ್ಟಿಯ ಮಗ್ಗುಲಿಗೆ ಅವರ ಮನೆ. ಗಂಗವ್ವ ಎಡಗೈಯಲ್ಲಿ ನೀರಿನ ತಂಬಿಗೆ ತಂದಿಟ್ಟಳು. "ಬರ್ರಿ ಬರ್ರಿ, ಎಷ್ಟ ವರ್ಷಾತ್ರಿ! ಮಜ್ಜಗಿ ಕೊಡ್ಲೋ, ಚಾ ಮಾಡ್ಲೋ?" ಎಂದಳು. ಬೀರಪ್ಪ ಎದ್ದು ನಿಂತು ಕೈ ಮುಗಿದ. ನೀರು ಮುಟ್ಟುವ ಮೊದಲೇ ಹೇಳಿಬಿಟ್ಟೆ. ಹಸಿರು ಮಾಡಿದ್ದು, ಮೊಬೈಲು, ಬಾಗಿಲಾಚೆಯ ಅವನ ಮಾತು, ಒಳಗಿನಿಂದ ನನ್ನ ಮಾತು, ಕೆಂಪು ಮಾಡಿದ್ದು, ಯಾರೂ ಕೇಳಿಲ್ಲ ಎಂದದ್ದು.

ಬೀರಪ್ಪ ಮುಗಿದ ಕೈ ಇಳಿಸಿದ.

"ಹಸರ ಇತ್ತು," ಎಂದ ಬೀರಪ್ಪ. ಅವನು ನನ್ನನ್ನು ನೋಡುತ್ತಿರಲಿಲ್ಲ. ಹೆಂಡತಿಯ ಕಡೆ ತಿರುಗಿ ಮತ್ತೊಮ್ಮೆ ಹೇಳಿದ, "ಹಸರ ಇತ್ತ ಬೇ. ನಾ ಕೇಳಿದ್ದೆ. ಬಾಗ್ಲಾ ಬಡದು ಕೇಳಿದ್ದೆ." ಆಮೇಲೆ ಎದ್ದು ಹೊರಗೆ ಹೋಗಿ ಕುರಿಗಳ ನಡುವೆ ನಮಗೆ ಬೆನ್ನು ಮಾಡಿ ನಿಂತ. 

ಗಂಗವ್ವ ಅವನ ಬೆನ್ನನ್ನೇ ನೋಡುತ್ತ ಕೂತಿದ್ದಳು. ಕೊನೆಗೆ ಮಾತಾಡಿದಳು. "ಇಷ್ಟ ವರ್ಷ ಆತು, ಅವರ ಎದುರಿಗೆ ಒಂದ್ ಮಾತ ಅಂದಾಕಿ ಅಲ್ಲ ನಾ. ಒಳಗೊಳಗ ಮಾತ್ರ ಬೈದೇನಿ. ರೊಟ್ಟಿ ಬಡಿಯಾಕ ಕುಂತಾಗೊಮ್ಮೆ, ಜಡಿ ಹಾಕ್ಕೊಳ್ಳಾಗೊಮ್ಮೆ, ದಿನಾ ಬೈದೇನಿ. ಅದನ್ನೆಲ್ಲಾ ಈಗ ಯಾರಿಗೆ ಒಯ್ದು ಕೊಡ್ಲಿ?"

ಕ್ಷಮಿಸಿ ಎಂಬ ಪದ ನನ್ನ ಬಾಯಿಗೆ ಬಂದಿತ್ತು. ಅವಳು ಎಡಗೈ ಎತ್ತಿ ತಡೆದಳು.

"ಇಲ್ಲಿ ಹೇಳಿ ಏನ್ ಮಾಡ್ತಿ? ಅಲ್ಲಿ ಹೇಳು. ಆ ಪಡಸಾಲ್ಯಾಗ, ಆ ಮಂದಿ ಮುಂದ ಹೇಳು. ಅವರ ಮುಂದಲ್ಲೇನ ನೀ ಇಲ್ಲ ಅಂದಿದ್ದು?"

ಅವಳು ನನಗೆ 'ರೀ' ಹಚ್ಚದೆ ಮಾತಾಡಿದ್ದು ಅದೇ ಮೊದಲು. ಅದಕ್ಕೆ ನಾನು ಅರ್ಹಳಾಗಿದ್ದೆ. ಇಟ್ಟ ನೀರು ಹಾಗೆಯೇ ಉಳಿಯಿತು. ಕುಡಿಯಿರಿ ಎಂದು ಅವಳೂ ಹೇಳಲಿಲ್ಲ.

ಅವಳು ಹೇಳಿದ ಕೆಲಸವನ್ನು ನಾನಿಲ್ಲಿ ಆರಂಭಿಸಿದ್ದೇನೆ. ಅವರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಮಾಲೀಕರ ಹೆಸರನ್ನು ಇಲ್ಲಿ ಬರೆದಿಲ್ಲ. ಮೊದಲು ಉತ್ತರಿಸುವ ಅವಕಾಶ ಅವರಿಗಿರಲಿ. ಈ ಬರಹಕ್ಕೆ ಪತ್ರಿಕೆಗಳು ಮೆಚ್ಚುಗೆಯ ಮಾತು ಬರೆಯುವುದಾದರೆ, ದಯವಿಟ್ಟು ಬರೆಯಬೇಡಿ. ಅಂಥ ಮಾತುಗಳನ್ನು ಓದುತ್ತ ಕೂತಾಗ ಏನಾಯಿತೆಂದು ಈಗಷ್ಟೇ ಹೇಳಿದ್ದೇನೆ.

ಮಾನ್ಯ ಮಾಲೀಕರೇ, ಈಗ ನಿಮ್ಮಲ್ಲಿ ನನ್ನ ವಿಧಿವತ್ತಾದ ಕೋರಿಕೆ. ನಾನು ಕಟ್ಟಿದ ಅದೇ ಸಾಫ್ಟ್‌ವೇರನ್ನು ನಿಮ್ಮ ಪರಿಚಯದ ಬೇರೆ ಶೆಡ್ಡುಗಳಿಗೂ ಕೊಟ್ಟಿದ್ದೀರೆಂದು, ಅಲ್ಲಿಯೂ ಚಿಂದಿ ಕಟ್ಟುವುದನ್ನು ನಿಲ್ಲಿಸಿದ್ದಾರೆಂದು ತಿಳಿದುಬಂದಿದೆ. ಆ ಪರದೆಯ ಬಣ್ಣವನ್ನು ನಂಬಿ ಇವತ್ತು, ಈಗ, ಯಾರದೋ ಕೈ ಪಟ್ಟಾದ ಮಗ್ಗುಲಲ್ಲಿದೆ. ಈ ಬರಹ ತಲುಪಿದ ಕೂಡಲೇ ಎಲ್ಲ ಶೆಡ್ಡುಗಳ ಸ್ವಿಚ್ಚುಗಳಿಗೆ ಚಿಂದಿ ಮರಳಬೇಕು. ಕಟ್ಟಿದವಳೇ ಬಿಚ್ಚಬೇಕೆಂಬ ರೂಢಿಗೆ ಯಾವ ಪರದೆಯೂ ಅಡ್ಡ ಬರಬಾರದು. ಬೀರಪ್ಪನ ಕಣ್ಣೂ ಸರಿಯಿತ್ತು, ಮಾತೂ ಸರಿಯಿತ್ತು ಎಂದು ನಿಮ್ಮ ಸಹಿಯೊಂದಿಗೆ ಬರೆದು, ಅವನನ್ನು ಬೈದ ಆ ಪಡಸಾಲೆಯಲ್ಲೇ, ಶೆಡ್ಡಿನವರೆಲ್ಲರ ಮುಂದೆ ನೀವು ಓದಬೇಕು. ಗಂಗವ್ವನ ಕೈಗೆ ನೀವೂ ನಾನೂ ಏನು ಹೊಣೆ ಹೊರಬೇಕೆಂಬುದನ್ನು ನಾವಿಬ್ಬರೂ ನಿರ್ಧರಿಸುವಂತಿಲ್ಲ. ಅಧಿಕಾರವುಳ್ಳವರ ಮುಂದೆ ನನ್ನ ತಪ್ಪೊಪ್ಪಿಗೆಯನ್ನು ಲಿಖಿತವಾಗಿ ಸಲ್ಲಿಸುತ್ತಿದ್ದೇನೆ, ನೀವೂ ಹಾಜರಾಗಿ ಉತ್ತರಿಸಬೇಕು. ನನಗೆ ಬರುವ ಶಿಕ್ಷೆಗೆ ನನ್ನ ತಕರಾರಿಲ್ಲ.

ಈ ಬರಹ ಅಚ್ಚಾದ ಮರುವಾರ, ಶೆಡ್ಡಿನವರೆಲ್ಲ ಸೇರಿರುವ ಹೊತ್ತಿಗೆ, ನಾನು ಆ ಪಡಸಾಲೆಗೆ ಬರುತ್ತೇನೆ. ಬೀರಪ್ಪ ನಿಂತಿದ್ದ ಜಾಗದಲ್ಲಿ ನಿಂತು ನಡೆದದ್ದನ್ನು ಎಲ್ಲರ ಮುಂದೆ ಹೇಳುತ್ತೇನೆ. ಆಮೇಲೆ ಅವನಂತೆಯೇ ನಿಮ್ಮ ಬಾಗಿಲು ಬಡಿಯುತ್ತೇನೆ. ನಿಮಗೆ ಕೆಲಸವಿರಬಹುದು, ಕೈಯಲ್ಲಿ ಮೊಬೈಲಿರಬಹುದು. ನನ್ನ ಕೋರಿಕೆ ಇಷ್ಟೇ: ಉತ್ತರ ಕೊಡುವ ಮೊದಲು ತಲೆ ಎತ್ತಿ ನೋಡಿ.